ಬೈಬಲ್ ಪ್ರಶ್ನೋತ್ತರ: ಕೇಳಿ ಕಲಿತ ವಿಶ್ವಾಸ ಕಡಿಮೆಯಾ?

ಪ್ರಶ್ನೆ (ಬೇಳ ಊರಿನಿಂದ): ಫಾದರ್, ಅಮ್ಮನಿಗೆ 78. ಓದಲು ಬರುವುದಿಲ್ಲ. ಪ್ರಾರ್ಥನೆಯೆಲ್ಲ ಅಜ್ಜಿಯ ಬಾಯಿಂದ ಕೇಳಿ ಕಲಿತದ್ದು. ಭಾವ ಹೊಸ ಪ್ರಾರ್ಥನಾ ಕೂಟಕ್ಕೆ ಸೇರಿದ್ದಾರೆ. "ಬೈಬಲ್ ಓದದವರದ್ದು ವಿಶ್ವಾಸವೇ ಅಲ್ಲ" ಅಂದುಬಿಟ್ಟರು. ಅಂದಿನಿಂದ ಅಮ್ಮ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳುತ್ತಿಲ್ಲ, ಸುಮ್ನೆ ಕೂತಿರುತ್ತಾರೆ.

ಫಾದರ್: ಇದನ್ನು ಅಮ್ಮನಿಗೆ ಇವತ್ತೇ ಹೇಳಿ. ಯೇಸುವನ್ನು ಶಿಲುಬೆಗೇರಿಸಿದ್ದು ಸುಮಾರು ಕ್ರಿ.ಶ. 30ರಲ್ಲಿ. ಪೌಲರ ಮೊದಲ ಪತ್ರ 50ರ ಹೊತ್ತಿಗೆ, ಮಾರ್ಕನ ಶುಭಸಂದೇಶ (ಯೇಸುವಿನ ಜೀವನ ಹೇಳುವ ಬೈಬಲ್ ಪುಸ್ತಕ) 70ರ ಆಸುಪಾಸು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಅಷ್ಟು ವರ್ಷ ಜನ ಕೇಳಿಯೇ ನಂಬಿದ್ದು ಅಲ್ವಾ? ವಿಶ್ವಾಸ ಕೇಳುವುದರಿಂದ ಹುಟ್ಟುತ್ತದೆ ಅಂತ ಪೌಲರೇ ರೋಮಿನವರಿಗೆ ಬರೆದರು. ಪಡೆಯುವುದಕ್ಕಿಂತ ಕೊಡುವುದರಲ್ಲಿ ಭಾಗ್ಯ ಜಾಸ್ತಿ ಅನ್ನುವ ಯೇಸುವಿನ ಮಾತು ನಾಲ್ಕು ಶುಭಸಂದೇಶಗಳಲ್ಲೂ ಇಲ್ಲ. ಬಾಯಿಂದ ಬಾಯಿಗೆ ಬಂದು, ಪೌಲರು ಹೇಳಿದ ಮಾತಾಗಿ ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು ಪುಸ್ತಕದ 20:35ರಲ್ಲಿ ಉಳಿಯಿತು. ಇನ್ನೊಂದು. ತೇರ್ಸ್‌ನಲ್ಲಿ ಹೇಳುವ ನಮೋ ಮರಿಯ ಪ್ರಾರ್ಥನೆಯ ಮೊದಲರ್ಧ ಲೂಕನ ಶುಭಸಂದೇಶದ 1ನೇ ಅಧ್ಯಾಯದಲ್ಲಿರುವ ದೇವದೂತನ ಮತ್ತು ಎಲಿಜಬೇತಳ ಮಾತು. ಅಮ್ಮನಿಗೆ ಬೈಬಲ್ ಬಾಯಿಪಾಠವೇ ಇದೆ.

ಕುಂಬಳೆ: ಬೈಬಲ್ ದೊಡ್ಡದಾ, ಸಭೆಯ ಸಂಪ್ರದಾಯವಾ?

ಫಾದರ್: ಕಳೆದ ವಾರವೂ ಕೇಳಿದಿರಿ. ಎರಡನ್ನೂ ಗೌರವಿಸಬೇಕು ಅಂತ 1546ರಲ್ಲಿ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ ಹೇಳಿತು. ಎರಡೂ ಒಂದೇ ಒರತೆಯಿಂದ ಬಂದವು ಅಂತ 1965ರಲ್ಲಿ ಎರಡನೇ ವತಿಕಾನ್ ಮಹಾಸಭೆ.

ಮಂಜೇಶ್ವರ: ನಮ್ಮ ಸಭೆ ಒಪ್ಪುವುದಿಲ್ಲ. ಹಿರಿಯರ ಸಂಪ್ರದಾಯಕ್ಕಾಗಿ ದೇವರ ಮಾತನ್ನು ಬಿಟ್ಟಿರಿ ಅಂತ ಮಾರ್ಕ 7ರಲ್ಲಿ ಯೇಸುವೇ ಗದರಿದರು. 1521ರಲ್ಲಿ ಜರ್ಮನಿಯ ವೊರ್ಮ್ಸ್‌ನಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಲೂಥರ್ ಬೈಬಲ್ ವಾಕ್ಯವನ್ನೇ ಹಿಡಿದು ನಿಂತದ್ದು.

ಉಪ್ಪಳ: ಯಾವ ಪುಸ್ತಕಗಳು ಇರಬೇಕು ಅಂತ ಬೈಬಲೇ ಹೇಳುತ್ತದಾ? ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿಯನ್ನು ಬಿಷಪ್ ಅಥನಾಸಿಯಸ್ ಬರೆದದ್ದು 367ರಲ್ಲಿ.

ಮಂಜೇಶ್ವರ: ಸಭೆ ಗುರುತಿಸಿತು ಅಷ್ಟೇ. ಅಧಿಕಾರ ಕೊಟ್ಟದ್ದು ದೇವರು. ವ್ಯತ್ಯಾಸ ತಿಳಿದು ಮಾತಾಡಿ.

ಉಪ್ಪಳ: ನನಗೆ ಪಾಠ ಬೇಡ.

ಫಾದರ್: ಮಾರ್ಕ 7 ಎತ್ತಿದ್ದು ಸರಿಯೇ. ದೇವರಿಗೆ ಮುಡಿಪು ಅಂತ ಹೇಳಿ ಅಪ್ಪ ಅಮ್ಮನನ್ನು ನೋಡಿಕೊಳ್ಳುವುದನ್ನು ತಪ್ಪಿಸುತ್ತಿದ್ದರು. ಅಂಥದ್ದು ನಮ್ಮಲ್ಲಿದ್ದರೆ ಅದೂ ಹೋಗಬೇಕು. ಇಬ್ಬರೂ ಸ್ವಲ್ಪ ತಡೆಯಿರಿ.

ಸೀತಾಂಗೋಳಿ (ಫಾರ್ವರ್ಡ್): ಪ್ರೇಷಿತರ (ಯೇಸುವಿನ ಶಿಷ್ಯರ) ಕಾಲದ ಗುಟ್ಟಿನ ಪ್ರಾರ್ಥನೆ. ಎಣ್ಣೆಯ ಮೇಲೆ ಹೇಳಿ ಏಳು ದಿನ ಕುಡಿದರೆ ಸಕ್ಕರೆ ಕಾಯಿಲೆ ಮಾಯ. 12 ಜನರಿಗೆ ಕಳಿಸಿ.

ಫಾದರ್: ಮೂರನೇ ಸಲ ಹೇಳುತ್ತಿದ್ದೇನೆ, ಇದು ಸಂಪ್ರದಾಯ ಅಲ್ಲ, ಸುಳ್ಳು. ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ ಅಂತ ಯಕೋಬನ ಪತ್ರದಲ್ಲಿದೆ. ಔಷಧಿ ಬಿಡಿ ಅಂತ ಎಲ್ಲಿದೆ? ಯಾರೂ ಇನ್ಸುಲಿನ್ ನಿಲ್ಲಿಸಬೇಡಿ. ಅಳಿಸಿ ಇದನ್ನು.

ಬದಿಯಡ್ಕ: ನಮ್ಮ ಬೈಬಲಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದ್ದರಲ್ಲಿ 66 ಯಾಕೆ?

ಕುಂಬಳೆ: ಒಂದೇ ಮಾತಲ್ಲಿ ಹೇಳಿ ಫಾದರ್, ಯಾವುದು ದೊಡ್ಡದು?

ಫಾದರ್: ಮೇಲೆ ಓದಿ.

ಉಪ್ಪಳ: 367ಕ್ಕೆ ಉತ್ತರ ಬಂದಿಲ್ಲ.

ಮಂಜೇಶ್ವರ: ಕೊಟ್ಟಿದ್ದೇನೆ. ಓದಲು ನಿಮಗೆ ಮನಸ್ಸಿಲ್ಲ.

ಬೇಳ: ಲೂಕನ ಮಾತು ಹೇಳಿದೆ ಫಾದರ್. ಅಮ್ಮ ಅತ್ತುಬಿಟ್ಟರು. ಭಾವನಿಗೆ ಏನು ಹೇಳಲಿ?

ಫಾದರ್: ಭಾವನ ವಿಷಯ ಆಮೇಲೆ. ರಾತ್ರಿ ಅಮ್ಮನ ಜೊತೆ ನೀವೂ ತೇರ್ಸ್‌ಗೆ ಕೂತುಕೊಳ್ಳಿ.