ಒಂದು ಕ್ರೆಡಿಟ್, ಮೂರು ಅರ್ಥ: ಉದ್ರಿ, ಜಮಾ, ಇನ್ನೊಂದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ಬಿ.ಕಾಂ. ಹುಡುಗರಿಗೆ ಅಕೌಂಟ್ಸ್ ಹೇಳಿಕೊಡುವವನು ನಾನು. ಒಂದು ಪದ ವಾರದಿಂದ ತಲೆ ತಿನ್ನುತ್ತಿದೆ.

ನಮ್ಮ ಪದವಿ ಪಠ್ಯಕ್ರಮ ಈಚೆಗೆ ಎರಡು ಸಲ ಮಗುಚಿ ಬಿತ್ತು. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಎಷ್ಟು ಬದಲಾದರೂ ಉದಾಹರಣೆ ಮಾತ್ರ ಅದೇ: ರಾಮ್ ಶ್ಯಾಮ್‌ಗೆ ಸರಕು ಮಾರಿದ. ಊರಲ್ಲೇ ರಾಜೇಂದ್ರ ಗಂಜ್ ಇದೆ. ಹತ್ತಿ, ಭತ್ತ ಬಂದು ಬೀಳುವ ಜಾಗ. ಬಿಸಿನೆಸ್ ಕಲಿಯೋಕೆ ಇನ್ನೇನು ಬೇಕು? ಹಾಗಾಗಿ ನಾವು ಕೆಲವರು ‘ಗಂಜ್ ವ್ಯವಹಾರ’ ಅಂತ ಒಂದು ಐಚ್ಛಿಕ ಪೇಪರಿನ ಕರಡು ಬರೆಯುತ್ತಿದ್ದೇವೆ, ಕನ್ನಡದಲ್ಲೇ. ಅಧ್ಯಯನ ಮಂಡಳಿ ಒಪ್ಪುತ್ತದೋ ಬಿಡುತ್ತದೋ, ಅದು ಆಮೇಲಿನ ಮಾತು.

ಮೊದಲ ಪುಟದಲ್ಲೇ ಸಿಕ್ಕಿಬಿದ್ದೆವು. ತಲೆಬರಹದ ಕೆಳಗೆ ‘4 ಕ್ರೆಡಿಟ್’, ಅಂದರೆ ಪೇಪರಿನ ಪಾಠದ ಅಳತೆ. ಮೊದಲ ಘಟಕದಲ್ಲಿ ‘ಕ್ರೆಡಿಟ್ ಮಾರಾಟ’. ಎರಡನೆಯದರಲ್ಲಿ ‘ಡೆಬಿಟ್, ಕ್ರೆಡಿಟ್ ನಿಯಮ’, ಅಂದರೆ ಖಾತೆಯ ಎಡಕ್ಕೆ ಏನು, ಬಲಕ್ಕೆ ಏನು ಅನ್ನುವ ಲೆಕ್ಕ. ಮೂರೂ ಬೇರೆ ಬೇರೆ.

ಕ್ರೆಡಿಟ್ ಮಾರಾಟಕ್ಕೆ ಜಾಸ್ತಿ ಯೋಚನೆ ಬೇಕಿಲ್ಲ. ನಮ್ಮ ಕಡೆ ಅದು ಉದ್ರಿ. ‘ಇಂದು ನಗದು, ನಾಳೆ ಉದ್ರಿ’ ಅನ್ನೋ ಬೋರ್ಡು ನೋಡದವರು ಯಾರಿದ್ದಾರೆ? ಹಿಂದಿಯ ಉಧಾರ್, ಮರಾಠಿಯ ಉಧಾರಿ ಇದರ ಅಣ್ಣ ತಮ್ಮಂದಿರು. ಪಠ್ಯಪುಸ್ತಕದ ‘ಸಾಲದ ಮಾರಾಟ’ ನನಗೆ ಹಿಡಿಸುವುದಿಲ್ಲ. ಸಾಲ ಮಾರಿದ ಹಾಗೆ ಕೇಳಿಸುತ್ತದೆ, ಅಲ್ವಾ?

ಲೆಕ್ಕದ ಕ್ರೆಡಿಟ್‌ಗೆ ಜಮಾ. ಇದರಲ್ಲಿ ಒಂದು ತೊಡಕಿದೆ. ಹೋದ ತಿಂಗಳು ಆರು ಜನ ಹುಡುಗರನ್ನು ಒಂದು ದಲಾಲಿ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಗುಮಾಸ್ತರು ಕೆಂಪು ಬಟ್ಟೆಯ ಕಿರ್ದಿ (ದಿನದ ಲೆಕ್ಕದ ಪುಸ್ತಕ) ಬಿಚ್ಚಿ, ಎಡಗಡೆ ‘ಬಸಣ್ಣ ಜಮಾ 20,000’ ಅಂತ ಬರೆದರು. ಹಳೇ ಬಾಕಿಯ ರೊಕ್ಕ ಆಗಷ್ಟೇ ಬಂದಿತ್ತು. ಒಬ್ಬ ಹುಡುಗ ನನ್ನ ಕಡೆ ತಿರುಗಿ, ‘ಸರ, ರೊಕ್ಕ ಬಂದ್ರ ಎಡಕ್ಕ ಡೆಬಿಟ್ ಅಂತ ನೀವೇ ಹೇಳಿದ್ರಿ. ಇವರು ಎಡಕ್ಕ ಜಮಾ ಅಂತ ಬರದಾರಲ್ರಿ?’ ಅಂದ. ನಾನು ಬಾಯಿ ಬಿಡುವ ಮೊದಲೇ ಗುಮಾಸ್ತರು, ‘ಇದು ರೊಕ್ಕದ ಲೆಕ್ಕ ಅಲ್ಲಪ್ಪ, ಬಸಣ್ಣನ ಲೆಕ್ಕ’ ಅಂದರು. ಅಷ್ಟೇ ವಿಷಯ. ಕಾಲೇಜಿನಲ್ಲಿ ನಾವು ನಗದು ಖಾತೆಗೆ ಡೆಬಿಟ್ ಹಾಕಿ ಬಸಣ್ಣನ ಖಾತೆಗೆ ಕ್ರೆಡಿಟ್ ಕೊಡುತ್ತೇವೆ. ಕಿರ್ದಿಯವರು ಕೊಟ್ಟವನ ಕಡೆಯಿಂದ ಬರೆಯುತ್ತಾರೆ, ಜಮಾ ಅವರಿಗೆ ಎಡ, ಖರ್ಚು ಬಲ. ಅರ್ಥ ಒಂದೇ, ಬದಿ ಮಾತ್ರ ಅದಲು ಬದಲು. ಹಾಗಾಗಿ ಜಮಾ ಅಂದರೆ ಕ್ರೆಡಿಟ್ ಅನ್ನುವುದು ಸರಿ, ಆದರೆ ‘ಜಮಾ ಅಂದ್ರೆ ರೊಕ್ಕ ಬಂದಿದ್ದು’ ಅಂತಷ್ಟೇ ಹೇಳಿಕೊಟ್ಟರೆ ನಗದು ಖಾತೆ ಬರೆಯುವಾಗ ಹುಡುಗರು ತಪ್ಪುವುದು ಗ್ಯಾರಂಟಿ. ಕರಡಿನಲ್ಲಿ ಈ ಕಿರ್ದಿಯ ಸಾಲನ್ನೇ ಮೊದಲ ಉದಾಹರಣೆ ಮಾಡಿದ್ದೇನೆ.

ಉಳಿದದ್ದು ಪೇಪರಿನ ಕ್ರೆಡಿಟ್. ಒಬ್ಬರು ‘ಶ್ರೇಯಾಂಕ’ ಅಂದರು. ಅದನ್ನು ಕೇಳಿದರೆ ಟೆನಿಸ್ ಆಟಗಾರರ ಪಟ್ಟಿ ನೆನಪಾಗುತ್ತದೆ. ಇನ್ನೊಬ್ಬರು ‘ತೂಕ’ ಅಂದರು, 4 ತೂಕದ ಪೇಪರ್. ಗಂಜಿನಲ್ಲಿ ಹಾಗಂದರೆ ಕಾಟಾ ಎಲ್ಲಿ ಅಂತ ಕೇಳುತ್ತಾರೆ. ನನಗೆ ಹೊಳೆದದ್ದು ‘ತಾಸು’. ಸೆಮಿಸ್ಟರ್ ಪೂರ್ತಿ ವಾರಕ್ಕೆ ಒಂದು ತಾಸು ಪಾಠ ಅಂದರೆ ಒಂದು ಕ್ರೆಡಿಟ್ ತಾನೇ? ಆದರೆ ಪ್ರಾಕ್ಟಿಕಲ್ ಆದರೆ ಒಂದು ಕ್ರೆಡಿಟ್‌ಗೆ ಎರಡು ತಾಸು. ನಮ್ಮ ಪೇಪರಿನಲ್ಲಿ ಅರ್ಧ ಕೆಲಸ ಗಂಜಿನಲ್ಲೇ ಆಗುವುದರಿಂದ ಆ ಲೆಕ್ಕ ಕೆಟ್ಟುಹೋಗುತ್ತದೆ.

ಹಾಗಾದರೆ ಜಮಾನೇ ಯಾಕಾಗಬಾರದು? ಗೃಹಲಕ್ಷ್ಮಿ ದುಡ್ಡು ಜಮಾ ಆಯ್ತಾ ಅಂತ ಮನೆ ಮನೆಯಲ್ಲೂ ಕೇಳುತ್ತಾರೆ. 2021ರಲ್ಲಿ ಶುರುವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲೂ ಪಾಸಾದ ಪೇಪರಿನ ಕ್ರೆಡಿಟ್ ವಿದ್ಯಾರ್ಥಿಯ ಖಾತೆಗೆ ಹೋಗಿ ಬೀಳುತ್ತದೆ. ‘ನಾಲ್ಕು ಕ್ರೆಡಿಟ್ ಜಮಾ ಆಯಿತು’ ಅಂದರೆ ಕಿವಿಗೆ ಸರಿಯಾಗಿದೆ. ‘4 ಜಮಾದ ಪೇಪರ್’ ಅಂದರೆ ಮಾತ್ರ ನಗು ಬರುತ್ತದೆ. ಜಮಾ ಆಗುವ ಕ್ರಿಯೆಗೆ ನಮ್ಮಲ್ಲಿ ಮಾತಿದೆ, ಜಮಾ ಆಗುವ ವಸ್ತುವಿಗೆ ಇಲ್ಲ. ಸದ್ಯಕ್ಕೆ ಅಲ್ಲಿ ಕ್ರೆಡಿಟ್ ಅಂತಲೇ ಬಿಟ್ಟಿದ್ದೇನೆ.

ಎರಡು ಸಹಾಯ ಬೇಕು. ಈ ಜಾಗಕ್ಕೆ ಒಗ್ಗುವ ಪದ ನಿಮ್ಮಲ್ಲಿ ಯಾರಾದರೂ ತರಗತಿಯಲ್ಲಿ ನಿಜವಾಗಿ ಬಳಸಿದ್ದರೆ ತಿಳಿಸಿ, ಸುಮ್ನೆ ಕಟ್ಟಿದ್ದು ಬೇಡ. ಇನ್ನೊಂದು, ನಾವು ರಾಯಚೂರು, ಕೊಪ್ಪಳದವರು 1956ರವರೆಗೆ ಹೈದರಾಬಾದಿನಲ್ಲಿದ್ದೆವು. ಬಳ್ಳಾರಿಯವರು 1953ರವರೆಗೆ ಮದ್ರಾಸಿನವರು. ಅಂಗಡಿಯ ಮಾತೂ ಬೇರೆ ಇರಬಹುದು. ಬಳ್ಳಾರಿಯ ಜೀನ್ಸ್ ಹೊಲಿಯುವವರು ಬಟ್ಟೆ ತಂದು ದುಡ್ಡು ಆಮೇಲೆ ಕೊಡುವುದಕ್ಕೆ ಉದ್ರಿ ಅಂತಾರಾ, ಕಡ ಅಂತಾರಾ, ತೆಲುಗಿನ ಅರುವು ಏನಾದರೂ ನುಸುಳಿದೆಯಾ? ಅಲ್ಲಿಯವರು ಬರೆದರೆ ಮೊದಲ ಘಟಕಕ್ಕೆ ಅದನ್ನೂ ಸೇರಿಸುತ್ತೇನೆ.