ಸ್ನೇಹ ಕ್ಲಿನಿಕ್‌ಗೆ ಹರೆಯದವರು ಏಕೆ ಬರುತ್ತಿಲ್ಲ?

ಪ್ರಶ್ನೆ – ಉಪನ್ಯಾಸಕಿ, ಜಮಖಂಡಿ

ಎಲ್ಲರಿಗೂ ನಮಸ್ಕಾರ. ನಾನು ಪದವಿ ತರಗತಿಗಳಿಗೆ ಸಮಾಜಕಾರ್ಯ ಬೋಧಿಸುತ್ತೇನೆ. ಜನಸಂಖ್ಯೆ ಮತ್ತು ಅಭಿವೃದ್ಧಿ ಕುರಿತ 1994ರ ಕೈರೋ ಅಂತರರಾಷ್ಟ್ರೀಯ ಸಮ್ಮೇಳನದ ನಂತರ ಏಷ್ಯಾ, ಆಫ್ರಿಕಾಗಳ ಹಲವು ದೇಶಗಳು ಹದಿಹರೆಯದವರ ಸಂತಾನೋತ್ಪತ್ತಿ ಆರೋಗ್ಯಕ್ಕಾಗಿ ಪ್ರತ್ಯೇಕ ಸೇವೆಗಳನ್ನು ತೆರೆದವು. ನಮ್ಮಲ್ಲಿ 2014ರಲ್ಲಿ 10ರಿಂದ 19 ವರ್ಷದವರಿಗಾಗಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ರಾಜ್ಯದ ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರ ತಪಾಸಣೆ, ಸಲಹೆಗಾಗಿ ಸ್ನೇಹ ಕ್ಲಿನಿಕ್‌ಗಳಿವೆ, ಸೇವೆ ಉಚಿತ. ಹಾಗಿದ್ದರೂ ನನ್ನ ವಿದ್ಯಾರ್ಥಿನಿಯರು ಮುಟ್ಟಿನ ಏರುಪೇರಿಗೆ, ಬಿಳಿಸೆರಗಿಗೆ ಔಷಧ ಅಂಗಡಿಗೇ ಹೋಗುತ್ತಾರೆ. ಇದಕ್ಕೆ ಮಾಹಿತಿಯ ಕೊರತೆಯೊಂದೇ ಕಾರಣವೇ? ಹದಿನೆಂಟು ತುಂಬದವರು ಹೋದರೆ ವೈದ್ಯರು ಪೊಲೀಸರಿಗೆ ತಿಳಿಸುತ್ತಾರೆಂಬ ಮಾತು ಎಷ್ಟರ ಮಟ್ಟಿಗೆ ನಿಜ?

ಉತ್ತರ – ಆಪ್ತಸಮಾಲೋಚಕಿ, ಬೆಳಗಾವಿ ಜಿಲ್ಲೆ

ಮೇಡಂ, ಕ್ಲಿನಿಕ್ ಇರುವುದು ಬಹಳಷ್ಟು ಹುಡುಗಿಯರಿಗೆ ಗೊತ್ತಿದೆ. ಅಲ್ಲಿ ಕುಳಿತದ್ದನ್ನು ಯಾರಾದರೂ ನೋಡಿದರೆ ಏನು ಗತಿ ಎಂಬುದೇ ಅವರ ಚಿಂತೆ. ಚೀಟಿ ಬರೆಯುವವರು ಸಾಲಿನಲ್ಲಿರುವ ಎಲ್ಲರಿಗೂ ಕೇಳುವಂತೆ ‘ಏನು ತ್ರಾಸು?’ ಎನ್ನುತ್ತಾರೆ. ಹಿಂದೆ ನಿಂತಿರುವವರಲ್ಲಿ ಊರಿನವರೊಬ್ಬರು ಇದ್ದೇ ಇರುತ್ತಾರೆ. ಆಶಾ ಕಾರ್ಯಕರ್ತೆ ಎಷ್ಟೇ ಒಳ್ಳೆಯವರಾದರೂ ಅದೇ ಓಣಿಯ ಅತ್ತೆಯೋ ಕಾಕುವೋ ಆಗಿರುವುದರಿಂದ ಹುಡುಗಿ ಅವರ ಮುಂದೆ ಬಾಯಿ ಬಿಡುವುದಿಲ್ಲ. ಜೊತೆಗೆ ಹೊರರೋಗಿ ವಿಭಾಗದ ಸಮಯವೂ ತರಗತಿಯ ಸಮಯವೂ ಒಂದೇ.

ಮದುವೆಯಾದವರ ಕಷ್ಟ ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 20–24ರ ವಯಸ್ಸಿನ ಮಹಿಳೆಯರಲ್ಲಿ ಶೇ 21ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಇಂಥವರು ಅತ್ತೆಯ ಜೊತೆಗೇ ಬರುತ್ತಾರೆ, ಅದೂ ಗರ್ಭಿಣಿಯಾದ ಮೇಲೆ. ಗರ್ಭನಿರೋಧಕಗಳಾದ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಮತ್ತು ಛಾಯಾ ಮಾತ್ರೆ ಉಚಿತವಾಗಿ ಸಿಗುತ್ತವೆಯಾದರೂ ‘ಮೊದಲೊಂದು ಕೂಸು ಆಗಲಿ’ ಎಂದು ನಮ್ಮ ಸಿಬ್ಬಂದಿಯೇ ಕೆಲವೊಮ್ಮೆ ಹೇಳಿಬಿಡುತ್ತಾರೆ. ಅಂಥ ನಿಯಮ ಎಲ್ಲಿಯೂ ಇಲ್ಲ. ಇನ್ನು ಹುಡುಗರು ಇದನ್ನು ಹೆಣ್ಣುಮಕ್ಕಳ ಜಾಗವೆಂದೇ ತಿಳಿದಿದ್ದಾರೆ.

ನನ್ನ ಅನುಭವದಲ್ಲಿ ಬರುವವರಿಗೆ ಮನೆಯಲ್ಲಿ ಹೇಳಬಹುದಾದ ಒಂದು ನೆಪ ಬೇಕು. ರಕ್ತಹೀನತೆಯ ತಪಾಸಣೆಗೆಂದು ಬಂದವಳು ಬಾಗಿಲು ಮುಚ್ಚಿದ ಮೇಲೆ ನಿಜವಾದ ಪ್ರಶ್ನೆ ಕೇಳುತ್ತಾಳೆ.

ಉತ್ತರ – ವಕೀಲ, ವಿಜಯಪುರ

ಕಾನೂನಿನ ಪ್ರಶ್ನೆಗೆ ಉತ್ತರಿಸುತ್ತೇನೆ. ಮುಟ್ಟು, ಸೋಂಕು ಇಲ್ಲವೇ ಗರ್ಭನಿರೋಧಕಗಳ ಬಗ್ಗೆ ಸಲಹೆ ಕೇಳುವುದು ಅಪರಾಧವಲ್ಲ. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಲ್ಲಿ, 18 ತುಂಬದವರು ಲೈಂಗಿಕ ಸಂಬಂಧಕ್ಕೆ ಕೊಡುವ ಒಪ್ಪಿಗೆಗೆ ಬೆಲೆಯಿಲ್ಲ. 19ನೇ ಕಲಮಿನಂತೆ ಲೈಂಗಿಕ ಅಪರಾಧದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಆದ್ದರಿಂದ ಹುಡುಗಿಯರ ಭಯವನ್ನು ಬರಿಯ ಗಾಳಿಮಾತೆಂದು ತಳ್ಳಿಹಾಕಲಾಗದು. ಗರ್ಭಪಾತದ ವಿಷಯದಲ್ಲಿ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಸ್ವಲ್ಪ ದಾರಿ ಮಾಡಿಕೊಟ್ಟಿದೆ: ಅಪ್ರಾಪ್ತೆ ಮತ್ತು ಆಕೆಯ ಪೋಷಕರು ಕೋರಿದರೆ, ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಆಕೆಯ ಹೆಸರು, ಗುರುತು ಹೇಳಬೇಕಿಲ್ಲ. ಅಪ್ರಾಪ್ತೆಯ ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು. 18 ತುಂಬಿದವಳಿಗೆ ತನ್ನ ಒಪ್ಪಿಗೆಯೇ ಸಾಕು, ಗಂಡನ ಸಹಿಯೂ ಬೇಕಿಲ್ಲ. ಈ ಕೊನೆಯ ಮಾತು ನಮ್ಮ ಕಡೆಯ ಅನೇಕ ವಿದ್ಯಾವಂತರಿಗೂ ತಿಳಿದಿಲ್ಲ.

ಉತ್ತರ – ಔಷಧ ವ್ಯಾಪಾರಿ, ಗೋಕಾಕ

ನಮ್ಮಲ್ಲಿ ಹೆಸರು ಬರೆಸಬೇಕಿಲ್ಲ, ಅಂಗಡಿ ರಾತ್ರಿಯವರೆಗೂ ತೆರೆದಿರುತ್ತದೆ, ಅದಕ್ಕೇ ಬರುತ್ತಾರೆ. ಸಂಬಂಧವಾದ 72 ಗಂಟೆಗಳೊಳಗೆ ನುಂಗುವ ತುರ್ತು ಗರ್ಭನಿರೋಧಕ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆಯೂ ಕೊಡಬಹುದು. ಗರ್ಭಪಾತದ ಮಾತ್ರೆಯ ಮಾತು ಹಾಗಲ್ಲ. ಗರ್ಭವು ಗರ್ಭಕೋಶದ ಹೊರಗೆ ನಿಂತಿದ್ದರೆ ಅದರಿಂದ ಪ್ರಯೋಜನವಿಲ್ಲ, ಒಳಗೆ ರಕ್ತಸ್ರಾವವಾಗಿ ಜೀವಕ್ಕೇ ಅಪಾಯವಾಗಬಹುದು. ಈ ಎರಡು ಮಾತ್ರೆಗಳೂ ಒಂದೇ ಎಂದು ತಿಳಿದು ಕೇಳುವವರಿದ್ದಾರೆ. ಗೊತ್ತಿದ್ದೂ ಗರ್ಭಪಾತದ ಮಾತ್ರೆಯನ್ನು ಚೀಟಿಯಿಲ್ಲದೆ ಕೊಡುವ ವ್ಯಾಪಾರಿಗಳೂ ಇದ್ದಾರೆ, ಅದಕ್ಕೆ ನನ್ನ ಸಮ್ಮತಿಯಿಲ್ಲ.

ಉಪನ್ಯಾಸಕಿ, ಜಮಖಂಡಿ

ಎಲ್ಲರಿಗೂ ಧನ್ಯವಾದಗಳು. ವಿದ್ಯಾರ್ಥಿಗಳನ್ನು ಒಮ್ಮೆ ಕ್ಲಿನಿಕ್‌ಗೆ ಕರೆತರಬಹುದೇ?

ಆಪ್ತಸಮಾಲೋಚಕಿ, ಬೆಳಗಾವಿ ಜಿಲ್ಲೆ

ಅಗತ್ಯವಾಗಿ ಕರೆತನ್ನಿ ಮೇಡಂ. ನಿಮ್ಮ ತಾಲ್ಲೂಕು ಆಸ್ಪತ್ರೆಯ ಆಪ್ತಸಮಾಲೋಚಕರಿಗೆ ಮೊದಲೇ ತಿಳಿಸಿ. ಹುಡುಗರನ್ನೂ ಸೇರಿಸಿಕೊಳ್ಳಿ. ಬ್ಯಾನರ್, ಫೋಟೊ, ಪತ್ರಿಕಾ ವರದಿ ಯಾವುದೂ ಬೇಡ.