ಅಪ್‌ಡೇಟ್: ಅಜ್ಜನ ಮನೆಯ ಚೀನೀ ಬಟ್ಟಲು ಮಾರಾಟವಾಯಿತು

ತೀರ್ಥಹಳ್ಳಿ ಬಳಿಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಸಿಕ್ಕ ನೀಲಿ-ಬಿಳಿ ಚೀನೀ ಪಿಂಗಾಣಿ ಬಟ್ಟಲು ಮತ್ತು ಎರಡು ಕಂದು ಭರಣಿಗಳನ್ನು ಆನ್‌ಲೈನ್ ಹರಾಜಿನಲ್ಲಿ ಮಾರುವುದು ಹೇಗೆಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ವಿದೇಶಿ ಹರಾಜು ತಾಣಕ್ಕೆ ಹಾಕಿ ಎಂಬ ಸಲಹೆಯನ್ನು ಕೈಬಿಡಬೇಕಾಯಿತು. ನಮ್ಮ ದೇಶದ 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಚೀನಾದಲ್ಲಿ ತಯಾರಾದದ್ದು ಎಂಬ ಕಾರಣಕ್ಕೆ ವಿನಾಯಿತಿಯೂ ಇಲ್ಲ.

ಫಲ ಕೊಟ್ಟದ್ದು, ‘ತಳದ ಫೋಟೋ ತೆಗೆದು ಪರವಾನಗಿ ಇರುವ ಭಾರತೀಯ ಹರಾಜುದಾರರಿಗೆ ಕಳುಹಿಸಿ’ ಎಂದವರ ಮಾತು. ತಳದಲ್ಲಿ ಕಾಂಗ್‌ಶಿ ಚಕ್ರವರ್ತಿಯ (1662–1722) ಆರು ಅಕ್ಷರಗಳ ಮುದ್ರೆ ಕಂಡು ಮನೆಯವರೆಲ್ಲ ಹಿಗ್ಗಿದ್ದೆವು. ಆದರೆ ಹತ್ತೊಂಬತ್ತನೆಯ ಶತಮಾನದ ಕುಶಲಕರ್ಮಿಗಳು ಹಿಂದಿನ ಚಕ್ರವರ್ತಿಗಳ ಮೇಲಿನ ಗೌರವದಿಂದಲೂ ಅದೇ ಮುದ್ರೆ ಬರೆಯುತ್ತಿದ್ದರಂತೆ, ನಮ್ಮದು ಅಂಥದ್ದು. ಮುದ್ರೆಗಿಂತ ತಳದ ಬಳೆ, ಹೊಳಪು, ನೀಲಿಯ ಛಾಯೆಯನ್ನೇ ಹರಾಜುದಾರರು ಹೆಚ್ಚು ನೋಡಿದರು. ನೇರಳಾತೀತ ಟಾರ್ಚ್ ಹಿಡಿದಾಗ ಅಂಚಿನಲ್ಲಿ ಹಳೆಯ ದುರಸ್ತಿಯೊಂದು ಬೇರೆಯದೇ ಬಣ್ಣದಲ್ಲಿ ಬೆಳಗಿತು. ಬರಿಗಣ್ಣಿಗೆ ಅದು ಕಂಡೇ ಇರಲಿಲ್ಲ! ವಿವರಣೆಯಲ್ಲಿ ಅದನ್ನೂ ಬರೆಸಿದೆ. ಹರಾಜುದಾರರ ಕಮಿಷನ್ ಕಳೆದು 18,000 ರೂಪಾಯಿ ಕೈಸೇರಿತು.

ಭರಣಿಗಳನ್ನು ಯಾರೂ ಕೂಗಲಿಲ್ಲ. ನನಗೇನೂ ಬೇಸರವಿಲ್ಲ. ಅತ್ತೆ ಅವನ್ನು ತೊಳೆದು ಬಿಸಿಲಿಗಿಟ್ಟಿದ್ದಾರೆ. ಈ ಸಲದ ಅಪ್ಪೆಮಿಡಿ ಅದರಲ್ಲೇ.